ಹಳೆಯ ಕಾರಿಗೂ ಒಂದೇ ಸಾಲು

ಜನವರಿ 9

ಪ್ರೀತಿಯ ಪುಟ್ಟಿ,

ನಲವತ್ತಾರು ದಾಟಿದವಳನ್ನು ಪುಟ್ಟಿ ಎಂದು ಕರೆಯಬೇಡ ಎಂದು ಹೋದ ಕಾಗದದಲ್ಲಿ ಬೈದಿದ್ದೆ. ಹಾಗೆ ಕರೆಯುವವರು ನನ್ನ ಬಿಟ್ಟು ಇನ್ನು ಯಾರೂ ಉಳಿದಿಲ್ಲ, ಸಹಿಸಿಕೋ. ಫೋನ್ ಮಾಡಬಹುದಿತ್ತು. ಆದರೆ ನಮ್ಮಿಬ್ಬರ ಫೋನು ಐದನೇ ಮಾತಿಗೆ ಜಗಳವಾಗುತ್ತದೆ. ಕಾಗದವಾದರೆ ಜಗಳಕ್ಕೆ ವಾರ ಕಾಯಬೇಕು, ಅಷ್ಟರಲ್ಲಿ ಸಿಟ್ಟು ಆರಿರುತ್ತದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ರೇಸ್ ಸರಣಿಯಲ್ಲಿ ಒಂದೇ ಮಾದರಿಯ ಕಾರು, ಅದೂ ಹೊಸದಾಗಿ ಬಂದದ್ದು ಮಾತ್ರ ಓಡಬೇಕೆಂಬ ನಿಯಮವಿತ್ತಲ್ಲ, ಅದನ್ನು ಸಡಿಲಿಸಿದ್ದೇವೆ. ಈ ವರ್ಷದಿಂದ ಅದೇ ಮಾದರಿಯ ಹಳೆಯ ಕಾರುಗಳಿಗೂ ಪ್ರವೇಶವಿದೆ. ಹೊಸದನ್ನು ಕೊಳ್ಳುವ ತಾಕತ್ತು ಇರುವವರು ವರ್ಷವರ್ಷ ಕಡಿಮೆಯಾಗುತ್ತಿದ್ದಾರೆ. ಹೋದ ಸಲದ ಕೊನೆಯ ರೇಸಿಗೆ ಬಂದದ್ದು ಹನ್ನೊಂದು ಕಾರು. ಮೊದಲನೆಯದು ಹೋಗಿ ಕೊನೆಯದು ಬರುವಷ್ಟರಲ್ಲಿ ಜನ ಚಹಾ ಕುಡಿದು ಬರುತ್ತಿದ್ದರು.

ಭಾವ ಕೈಯಾರೆ ಸಜ್ಜು ಮಾಡಿದ ನಿಮ್ಮ ಹಳೆಯ ಕಾರು, ಕೆಂಚಿ, ಅವರು ಹೋದಂದಿನಿಂದ ಹೊದಿಕೆಯಡಿ ಮಲಗಿದ್ದಾಳೆ. ಎಬ್ಬಿಸು. ನೀನೇ ಓಡಿಸು. ತಂಗಿಗಾಗಿ ರೇಸ್ ನಿರ್ದೇಶಕ ನಿಯಮ ಬದಲಿಸಿದ ಎಂದು ಮಾತ್ರ ಎಲ್ಲೂ ಬಾಯಿ ಬಿಡಬೇಡ.

ನಿನ್ನ ಅಣ್ಣ


ಜನವರಿ 21

ಪ್ರೀತಿಯ ಅಣ್ಣ,

ನಿನ್ನ ಕಾಗದ ಬಂದಾಗ ನಾನು ಗ್ಯಾರೇಜಿನಲ್ಲಿ ಒಂದು ಟ್ಯಾಕ್ಸಿಯ ಕೆಳಗೆ ಮಲಗಿದ್ದೆ. ಗ್ರೀಸಿನ ಕೈಯಲ್ಲೇ ಓದಿದೆ, ಅದಕ್ಕೇ ಈ ಹಾಳೆಗೂ ಮೂಲೆಯಲ್ಲಿ ಬೆರಳಿನ ಗುರುತು ಬಿದ್ದಿದೆ.

ಸಂಜೆ ಕೆಂಚಿಯ ಹೊದಿಕೆ ತೆಗೆದೆ. ಬ್ಯಾಟರಿ ಸತ್ತಿತ್ತು. ಬೇರೆ ಹಾಕಿ ಚಾವಿ ತಿರುಗಿಸಿದರೆ ಮೂರನೇ ಸಲಕ್ಕೆ ಎದ್ದಳು. ನಮ್ಮವರು ಆಸ್ಪತ್ರೆಗೆ ಸೇರುವ ಹಿಂದಿನ ವಾರ ಕಾರ್ಬುರೇಟರ್ ಬಿಚ್ಚಿ ಜೋಡಿಸಿದ್ದರು. ಎಂಜಿನ್ನಿನ ದನಿ ಕೇಳುತ್ತ ಬಾಗಿಲು ಹಾಕಿಕೊಂಡು ಅತ್ತೆ. ಯಾರಿಗೂ ಹೇಳಿಲ್ಲ, ನಿನಗೆ ಬರೆಯುತ್ತಿದ್ದೇನೆ. ಓಡಿಸುತ್ತೇನೆ ಅಣ್ಣ. ಮದುವೆಯ ಹೊಸದರಲ್ಲಿ ಎರಡು ವರ್ಷ ರೇಸಿನಲ್ಲಿ ಓಡಿಸಿದವಳು ನಾನು, ಕೈ ಮರೆತಿಲ್ಲ.

ಒಂದು ವಿಚಾರ ಕೇಳಬೇಕು. ಹೊಸ ಕಾರಿನ ಬ್ರೇಕೇ ಬೇರೆ. ಎಷ್ಟು ಒತ್ತಿದರೂ ಚಕ್ರ ಕಚ್ಚಿಕೊಳ್ಳುವುದಿಲ್ಲ, ತಿರುವಿನ ಬುಡದವರೆಗೂ ಹೋಗಿ ನಿಧಾನವಾಗಬಹುದು. ಕೆಂಚಿಗೆ ಅದು ಆಗದು, ನಾನು ಬಹಳ ಮೊದಲೇ ಬ್ರೇಕ್ ಹಾಕಬೇಕು. ನೇರ ದಾರಿಯಲ್ಲಿ ಇಬ್ಬರದೂ ಹೆಚ್ಚುಕಡಿಮೆ ಒಂದೇ ವೇಗ. ಅಂದರೆ ನಾನು ನಿಧಾನವಾದ ಜಾಗದಲ್ಲಿ ನನ್ನ ಬೆನ್ನಿಗಿರುವವನು ಪೂರ್ತಿ ವೇಗದಲ್ಲಿರುತ್ತಾನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಕಥೆ. ಹೊಸದು ಮೊದಲು, ಹಳೆಯದು ಆಮೇಲೆ, ಹೀಗೆ ಎರಡು ಸಾಲಾಗಿ ಬಿಡುತ್ತೀರೋ ಅಥವಾ ಎಲ್ಲ ಒಂದೇ ಸಾಲೋ?

ಪುಟ್ಟಿ (ಇದೇ ಕೊನೆ)


ಫೆಬ್ರವರಿ 4

ಪ್ರೀತಿಯ ಪುಟ್ಟಿ,

ನಿನ್ನ ಅರ್ಜಿ ತಲುಪಿತು. ಹಳೆಯ ಕಾರುಗಳು ಹತ್ತು ಬಂದಿವೆ. ನಾನು ಐದು ಬಂದರೆ ಹೆಚ್ಚು ಎಂದುಕೊಂಡಿದ್ದೆ. ಕಚೇರಿಯ ಮೇಲಿನ ನನ್ನ ಕೋಣೆಯಿಂದ ಟ್ರ್ಯಾಕಿನ ಕೆಲಸ ಕಾಣುತ್ತದೆ. ಗ್ಯಾಲರಿಗೆ ಬಣ್ಣ ಹೊಡೆಯುತ್ತಿದ್ದಾರೆ. ರೇಸಿಗೆ ಹಣ ಕೊಡುವ ಟೈರ್ ಕಂಪನಿಯವರು ಈ ಸಲ ದೊಡ್ಡ ಫಲಕ ಹಾಕುತ್ತಾರಂತೆ. ಮದುವೆಯಾಗದೆ ಈ ಟ್ರ್ಯಾಕನ್ನೇ ಕಟ್ಟಿಕೊಂಡೆ ಎಂದು ಅಮ್ಮ ಅನ್ನುತ್ತಿದ್ದಳಲ್ಲ, ಈಗ ಹೆಂಡತಿಗೆ ಹೊಸ ಸೀರೆ ಬಂದ ಹಾಗಿದೆ.

ಹೆಲ್ಮೆಟ್ ಹೊಸದು ತೆಗೆದುಕೋ, ಭಾವನದು ಬೇಡ. ಸೀಟ್ ಬೆಲ್ಟೂ ಹೊಸದೇ ಇರಬೇಕು. ಸಾಲಿನ ವಿಚಾರ ಸಮಿತಿಯ ಮುಂದೆ ಇಡುತ್ತೇನೆ. ಏನಾದರೂ ವ್ಯವಸ್ಥೆ ಆಗುತ್ತದೆ.

ನಿನ್ನ ಅಣ್ಣ


ಮಾರ್ಚ್ 17

ಪ್ರೀತಿಯ ಅಣ್ಣ,

ರೇಸಿನ ದಿನ ನಿರ್ದೇಶಕರು ಸ್ಪರ್ಧಿಗಳ ಜೊತೆ ಕೂತು ಹರಟುವ ಹಾಗಿಲ್ಲವೆಂದು ನೀನು ದೂರದಿಂದಲೇ ತಲೆಯಾಡಿಸಿ ಹೋದೆ. ಆ ಬಿಳಿ ಅಂಗಿ ನಿನಗೆ ಒಪ್ಪುವುದಿಲ್ಲ. ಊರಿಗೆ ಬಂದಮೇಲೆ ಬರೆಯುತ್ತಿದ್ದೇನೆ.

ಹದಿಮೂರನೇ ಜಾಗಕ್ಕೆ ಬಂದೆ. ಹಳೆಯ ಕಾರುಗಳಲ್ಲಿ ಮೂರನೆಯವಳು. ಕೊನೆಯ ಸುತ್ತಿನಲ್ಲಿ ಕೆಂಚಿ ಹಾಡುತ್ತಿದ್ದಳು. ಇಷ್ಟು ಸಂತೋಷವಾಗಿ ಎಷ್ಟು ಕಾಲವಾಗಿತ್ತೋ.

ಆದರೆ ಎಲ್ಲ ಒಂದೇ ಸಾಲು. ನೀನು ಸಮಿತಿಯಲ್ಲಿ ಜಗಳವಾಡಿರುತ್ತೀಯ, ಅವರು ಕೇಳಿರುವುದಿಲ್ಲ, ನನಗೆ ಗೊತ್ತು. ನೇರ ದಾರಿಯ ತುದಿಯಲ್ಲಿ ಕುಡುಗೋಲಿನಂತೆ ಬಾಗುವ ತಿರುವಿದೆಯಲ್ಲ, ಅಲ್ಲಿ ನಾನು ಬ್ರೇಕ್ ಒತ್ತಿದೊಡನೆ ಕನ್ನಡಿಯ ತುಂಬ ಹಿಂದಿನ ಕಾರು. ಎರಡು ಸಲ ಅದರವನು ಎಡಕ್ಕೆ ಹೊರಳಿ ತಪ್ಪಿಸಿಕೊಂಡ. ಮೂರನೆಯ ಸಲ ಹಿಂಬದಿಗೆ ತಾಗಿಸಿಯೇ ಬಿಟ್ಟ.

ರೇಸ್ ಮುಗಿದಮೇಲೆ ಅವನೇ ಹುಡುಕಿಕೊಂಡು ಬಂದ. ಎಲ್ಲರೂ ಗುಬ್ಬಿ ಎನ್ನುತ್ತಾರಲ್ಲ, ಇಪ್ಪತ್ತಮೂರರ ಆ ಸಣ್ಣಾಳು. ಹೆಲ್ಮೆಟ್ ತೆಗೆದರೆ ಕೂದಲೆಲ್ಲ ನೆಟ್ಟಗೆ ನಿಂತಿತ್ತು.

"ಆಂಟಿ, ತಪ್ಪಾಯ್ತು. ನೀವು ಅಷ್ಟು ಬೇಗ ಬ್ರೇಕ್ ಹಾಕ್ತೀರ ಅಂತ ಅಂದಾಜಾಗ್ಲಿಲ್ಲ."

"ಬೇಗ ಅಲ್ಲಪ್ಪ. ನನ್ನ ಗಾಡಿಗೆ ಅದೇ ಸರಿಯಾದ ಜಾಗ."

"ಹಾಗಾದ್ರೆ ಒಂದು ಕೆಲಸ ಮಾಡೋಣ. ಕುಡುಗೋಲಲ್ಲಿ ನೀವು ಬಲಕ್ಕೇ ಇರಿ, ನಾನು ಎಡಕ್ಕೆ ಹೋಗ್ಬಿಡ್ತೀನಿ. ನಮ್ಮಪ್ಪ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಮುಂದಿನವರಿಗೆ ಗುದ್ದಿದೆ ಅಂತ ಗೊತ್ತಾದ್ರೆ ಮನೆಗೆ ಸೇರ್ಸಲ್ಲ."

ಆಮೇಲೆ ತಾಗಿದ ಜಾಗವನ್ನು ಅವನೇ ಸುತ್ತಿಗೆ ಹಿಡಿದು ತಟ್ಟಿ ಸರಿಮಾಡಿದ. ಕೆಲಸ ಬಾರದು, ಇನ್ನೂ ಹಾಳು ಮಾಡಿದ. ಆದರೆ ಮನಸ್ಸು ಒಳ್ಳೆಯದು.

ಮುಂದಿನ ರೇಸಿಗೆ ಮೊದಲು ಸಾಲು ಬೇರೆ ಮಾಡಿಸು ಅಣ್ಣ.

ಪುಟ್ಟಿ


ಮಾರ್ಚ್ 29

ಪ್ರೀತಿಯ ಪುಟ್ಟಿ,

ಇಪ್ಪತ್ತೊಂದು ಕಾರು ಒಟ್ಟಿಗೆ ಹೊರಟಾಗ ಗ್ಯಾಲರಿ ಎದ್ದು ನಿಂತದ್ದನ್ನು ನೀನು ನೋಡಬೇಕಿತ್ತು. ಒಳಗೆ ಕೂತವಳಿಗೆ ಕಾಣುವುದಿಲ್ಲ. ಕಂಪನಿಯ ಮನುಷ್ಯ ನನ್ನ ಕೈ ಹಿಡಿದು ಬಿಡಲೇ ಇಲ್ಲ. ಹೋದ ವರ್ಷ ಇದೇ ಆಸಾಮಿ, ಟ್ರ್ಯಾಕ್ ತುಂಬದಿದ್ದರೆ ನಾವು ಬೇರೆ ಆಟ ನೋಡಿಕೊಳ್ಳುತ್ತೇವೆ ಎಂದಿದ್ದ.

ನಿನ್ನ ಮಾತು ಮರೆತಿಲ್ಲ. ಸಮಿತಿ ಯೋಚಿಸುತ್ತಿದೆ. ಈ ವರ್ಷದ ಮಧ್ಯದಲ್ಲಿ ನಿಯಮ ಬದಲಾಯಿಸುವುದು ಕಷ್ಟ, ಮುಂದಿನ ವರ್ಷಕ್ಕೆ ಖಂಡಿತ ಎನ್ನುತ್ತಿದ್ದಾರೆ. ಅಲ್ಲಿಯವರೆಗೆ ಕನ್ನಡಿಯ ಮೇಲೆ ಕಣ್ಣಿರಲಿ. ಬ್ರೇಕನ್ನೂ ಸ್ವಲ್ಪ ತಡವಾಗಿ ಹಾಕಲು ಅಭ್ಯಾಸ ಮಾಡು. ಗುಬ್ಬಿ ಒಳ್ಳೆಯ ಹುಡುಗ, ಅವನಿಗೂ ಹೇಳಿಸುತ್ತೇನೆ.

ನಿನ್ನ ಅಣ್ಣ


ಏಪ್ರಿಲ್ 8

ಅಣ್ಣ,

ಬ್ರೇಕ್ ತಡವಾಗಿ ಹಾಕು ಎಂದು ನಿನ್ನ ಬಾಯಲ್ಲಿ ಬಂದದ್ದು ನಗೆ ತರಿಸಿತು. ನನಗೆ ಗಾಡಿ ಕಲಿಸಿದವನೇ ನೀನು. ಇರಲಿ, ಸಮಿತಿಯವರ ಕಾಟ ನಿನಗೂ ಸಾಕಾಗಿರಬೇಕು. ಯೋಚಿಸುತ್ತಿದ್ದಾರೆ ಅಂದೆಯಲ್ಲ, ಅಷ್ಟು ಸಾಕು.

ಕೆಂಚಿಯ ಹಿಂದೆ ದೊಡ್ಡ ಕೆಂಪು ದೀಪ ಕಟ್ಟಿದ್ದೇನೆ. ಬೀದಿಯ ತುದಿಯ ದರ್ಜಿ ನೋಡಿ, "ಏನಕ್ಕ, ಆಂಬುಲೆನ್ಸ್ ಮಾಡ್ಬಿಟ್ರಾ?" ಎಂದ. ಎರಡನೇ ರೇಸಿಗೆ ಬರುತ್ತಿದ್ದೇನೆ. ಮಿಕ್ಕದ್ದು ಮುಗಿಸಿ ಬಂದಮೇಲೆ.

ಪುಟ್ಟಿ


ಮೇ 3

ಪ್ರೀತಿಯ ಪುಟ್ಟಿ,

ಆಸ್ಪತ್ರೆಗೆ ಎರಡು ಸಲ ಬಂದೆ. ಮಲಗಿದ್ದಾರೆ ಎಂದರು. ಮೂರನೆಯ ಸಲ ಬರುವಷ್ಟರಲ್ಲಿ ಊರಿಗೆ ಹೋಗಿದ್ದೀ ಎಂದು ನರ್ಸು ಹೇಳಿದಳು. ಹೆಗಲ ಮೂಳೆ ಕೂಡಿಕೊಳ್ಳುವವರೆಗೆ ಒಬ್ಬಳೇ ಏನು ಮಾಡುತ್ತೀ? ಫೋನೂ ಎತ್ತುತ್ತಿಲ್ಲ.

ಗುಬ್ಬಿಯ ಅಂತ್ಯಕ್ರಿಯೆಗೆ ಹೋಗಿದ್ದೆ.

ನಿನಗೆ ಒಂದು ವಿಷಯ ತಿಳಿಸಿ ಸಮಾಧಾನ ಮಾಡಬೇಕೆಂದು ಬರೆಯುತ್ತಿದ್ದೇನೆ. ನಮ್ಮ ತನಿಖೆಯ ವರದಿ ಆಗಿದೆ. ಹಳೆಯ ಕಾರು ದಿಢೀರನೆ ಬ್ರೇಕ್ ಹಾಕಿದ್ದೇ ಕಾರಣವೆಂದು ಬರೆಯಬೇಕೆಂದು ಸಮಿತಿಯ ಇಬ್ಬರು ಹಟ ಹಿಡಿದಿದ್ದರು. ಬರೆಯಲು ನಾನು ಬಿಡಲಿಲ್ಲ. ಹಿಂದಿನ ಕಾರು ಸರಿಯಾದ ಅಂತರ ಕಾಯ್ದುಕೊಳ್ಳಲಿಲ್ಲ, ತಡವಾಗಿ ಬ್ರೇಕ್ ಹಾಕಿತು ಎಂದು ಬರೆದಿದ್ದೇವೆ. ನಾನೇ ಸಹಿ ಹಾಕಿದ್ದೇನೆ. ನಿನ್ನ ಮೇಲೆ ಎಳ್ಳಷ್ಟು ತಪ್ಪೂ ಇಲ್ಲ. ಪೊಲೀಸರೂ ಅದನ್ನೇ ಇಟ್ಟುಕೊಂಡು ಮುಗಿಸುತ್ತಾರೆ.

ಊಟ ಮಾಡು. ನಿದ್ದೆಗೆ ಮಾತ್ರೆ ಬೇಕಾದರೆ ಕೇಳಿ ತೆಗೆದುಕೋ.

ನಿನ್ನ ಅಣ್ಣ


ಮೇ 12

ಅಣ್ಣನಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓದಲಾಗದಿದ್ದರೆ ಕಷ್ಟಪಟ್ಟು ಓದು.

ಆಸ್ಪತ್ರೆಯಲ್ಲಿ ನಾನು ಮಲಗಿರಲಿಲ್ಲ. ಮಲಗಿದ್ದಾರೆ ಅಂತ ಹೇಳಿ ಎಂದು ನಾನೇ ನರ್ಸಿಗೆ ಹೇಳಿದ್ದೆ. ನಿನ್ನ ಮುಖ ನೋಡಿದರೆ ಏನು ಅನ್ನುತ್ತೇನೋ ಎಂದು ನನಗೇ ಹೆದರಿಕೆಯಿತ್ತು.

ಆ ದಿನ ಆದದ್ದನ್ನು ನೀನು ಮೇಲಿನಿಂದ ನೋಡಿದೆ. ನಾನು ಒಳಗಿನಿಂದ ನೋಡಿದ್ದನ್ನು ಹೇಳುತ್ತೇನೆ. ಮಾತಾಡಿಕೊಂಡ ಹಾಗೆ ನಾನು ಬಲಕ್ಕಿದ್ದೆ. ನನ್ನ ಜಾಗದಲ್ಲೇ ಬ್ರೇಕ್ ಒತ್ತಿದೆ. ಗುಬ್ಬಿ ಎಡಕ್ಕೆ ಹೊರಳಿದ. ಅಲ್ಲಿ ಇನ್ನೊಂದು ಕಾರಿತ್ತು. ಇಪ್ಪತ್ತೊಂದು ಕಾರು ಒಂದೇ ಸಾಲಿನಲ್ಲಿ ಬಿಟ್ಟರೆ ಎಡದಲ್ಲೂ ಒಂದು ಇರುತ್ತದೆ, ಬಲದಲ್ಲೂ ಒಂದು ಇರುತ್ತದೆ. ಅವನು ಮರಳಿ ನನ್ನ ಹಿಂದಕ್ಕೆ ಬಂದು ಬ್ರೇಕ್ ಒತ್ತಿದ್ದು ಕನ್ನಡಿಯಲ್ಲಿ ಕಂಡಿತು. ಅವನ ಕಾರಿನ ಮೂತಿ ನೆಲಕ್ಕೆ ಬಾಗಿತು, ಅಷ್ಟು ಬಲವಾಗಿ ಒತ್ತಿದ್ದ. ಜಾಗವೇ ಇರಲಿಲ್ಲ. ನನ್ನ ಹಿಂಬದಿ ಚಕ್ರ ಹತ್ತಿ ಮಗುಚಿ, ತಡೆಗೋಡೆಯ ಮೇಲೆ ಬಿದ್ದ. ನಾನು ಬೆಲ್ಟಿನಲ್ಲಿ ಸಿಕ್ಕಿಕೊಂಡೇ ಅವನನ್ನು ಕೂಗಿದೆ. ಓಗೊಡಲಿಲ್ಲ.

ತಡವಾಗಿ ಬ್ರೇಕ್ ಹಾಕಿದ ಎಂದು ಬರೆದಿದ್ದೀಯ. ಸತ್ತವನು ಎದ್ದು ಬಂದು ಇಲ್ಲ ಎನ್ನುವುದಿಲ್ಲವಲ್ಲ. ನನ್ನನ್ನು ಉಳಿಸಿದೆ ಅಂತ ನೀನು ಸಮಾಧಾನ ಹೇಳುತ್ತೀ. ಉಳಿದುಕೊಂಡವನು ನೀನು. ನಾನಲ್ಲ, ಗುಬ್ಬಿಯೂ ಅಲ್ಲ.

ಇನ್ನೊಂದು ಮಾತು. ರೇಸಿನ ಹಿಂದಿನ ಸಂಜೆ ಹಳೆಯ ಕಾರಿನವರು ಇಬ್ಬರು ನನ್ನ ಹತ್ತಿರ ಬಂದಿದ್ದರು. ಸಾಲು ಬೇರೆ ಮಾಡದಿದ್ದರೆ ನಾವು ಹತ್ತೂ ಜನ ಹೊರಡುವುದು ಬೇಡ ಎಂದರು. ನಾನೇ ತಡೆದೆ. "ನಮ್ಮಣ್ಣ ಸಮಿತಿ ಜೊತೆ ಗುದ್ದಾಡ್ತಿದ್ದಾನೆ, ಈಗ ಗಲಾಟೆ ಮಾಡಿದ್ರೆ ಅವನಿಗೇ ಅವಮಾನ" ಎಂದೆ. ಅವರು ಸುಮ್ಮನೆ ಹೋದರು.

ವರದಿ ಬದಲಿಸು. ಬದಲಿಸಿದ ಮೇಲೆ ಬರೆ.


ಮೇ 20

ಪ್ರೀತಿಯ ಪುಟ್ಟಿ,

ನಿನ್ನ ಸಿಟ್ಟು ನ್ಯಾಯವೇ. ಆದರೆ ಸ್ವಲ್ಪ ಯೋಚಿಸು. ವರದಿ ಬದಲಾದರೆ ಸರಣಿ ನಿಲ್ಲುತ್ತದೆ. ಟ್ರ್ಯಾಕಿನ ಕೆಲಸಗಾರರು, ಬಾವುಟ ತೋರಿಸುವವರು, ಕ್ಯಾಂಟೀನಿನವರು ಎಲ್ಲ ಬೀದಿಗೆ ಬರುತ್ತಾರೆ. ಗುಬ್ಬಿ ಅದರಿಂದ ಎದ್ದು ಬರುತ್ತಾನಾ? ನನಗೂ ಈ ಕೋಣೆ ಬಿಟ್ಟರೆ ಬೇರೆ ಮನೆಯಿಲ್ಲ.

ನಾನು ಕಲ್ಲು ಎಂದುಕೊಳ್ಳಬೇಡ. ಕಿಟಕಿಯ ಪರದೆ ತೆಗೆಯುವುದನ್ನೇ ಬಿಟ್ಟಿದ್ದೇನೆ.

ನಿನ್ನ ಅಣ್ಣ


ಜೂನ್ 10

ಪುಟ್ಟಿ,

ಉತ್ತರವಿಲ್ಲ. ಹೆಗಲು ಹೇಗಿದೆ ಎಂದಾದರೂ ಒಂದು ಸಾಲು ಬರೆ.

ಅಣ್ಣ


ಜೂನ್ 26

ಅಣ್ಣನಿಗೆ,

ಹೆಗಲು ಕೂಡಿದೆ. ಗುಬ್ಬಿಯ ತಂದೆಯನ್ನು ನೋಡಿ ಬಂದೆ. ಬೇರೆಯವರಿಂದ ನಿನಗೆ ತಿಳಿಯುವುದು ಬೇಡ.

ಡ್ರೈವಿಂಗ್ ಸ್ಕೂಲ್ ಎಂದರೆ ಒಂದು ಶಟರಿನ ಅಂಗಡಿ, ಎರಡು ಸಣ್ಣ ಕಾರು. ನಾನು ಹೋದಾಗ ಅವರು ಪಾಠಕ್ಕೆ ಹೊರಟಿದ್ದರು. ಯಾರೆಂದು ಹೇಳಿದೆ. ಒಂದು ಗಳಿಗೆ ನನ್ನನ್ನೇ ನೋಡಿದರು.

"ಕ್ಲಾಸ್ ಇದೆ. ಬೇಕಾದ್ರೆ ಹಿಂದೆ ಕೂತ್ಕೊಳ್ಳಿ. ಮುಗಿದ್ಮೇಲೆ ಮಾತಾಡೋಣ" ಎಂದರು.

ಕಲಿಯುವವಳು ಯಾವುದೋ ಬ್ಯಾಂಕಿನ ಗುಮಾಸ್ತೆ. ಅವಳು ಓಡಿಸಿದಳು, ನಾನು ಹಿಂದೆ ಕೂತೆ. ದಾರಿಯುದ್ದಕ್ಕೂ ಅವರದು ಒಂದೇ ಮಾತು. "ಜಾಗ ಬಿಡಮ್ಮ. ಮುಂದಿನವರು ಯಾವಾಗ ನಿಲ್ಲಿಸ್ತಾರೋ ನಿನಗೆ ಗೊತ್ತಿಲ್ಲ. ಜಾಗ ಬಿಡು." ಅವಳನ್ನು ಇಳಿಸಿದ ಮೇಲೆ ಕಾರು ಬದಿಗೆ ನಿಂತಿತ್ತು, ಎಂಜಿನ್ ಆರಿತ್ತು. ಅವರು ಎಡಗಡೆಯ ಸೀಟಿನಿಂದ ಏಳಲಿಲ್ಲ.

"ಊರಿಗೆಲ್ಲ ಹೇಳ್ಕೊಟ್ಟೆ. ಮನೇಲಿರೋನಿಗೆ ಕಲಿಸೋಕಾಗ್ಲಿಲ್ಲ" ಎಂದರು. "ವರದೀಲಿ ಬರೆದಿದ್ದಾರೆ. ಅಂತರ ಬಿಡಲಿಲ್ಲವಂತೆ. ನಿಮ್ಮ ಭುಜ ಮುರಿದದ್ದಕ್ಕೆ ನಾನೇ ಬಂದು ಕ್ಷಮೆ ಕೇಳ್ಬೇಕಿತ್ತು. ಮುಖ ಇರಲಿಲ್ಲ."

ಅಣ್ಣ, ನನ್ನ ಕ್ಷಮೆ ಕೇಳಿದರು ಆ ಮನುಷ್ಯ. ನಿನ್ನ ಸಹಿ ಆ ಮನೆಗೆ ಹೋಗಿ ಮಾಡಿದ ಕೆಲಸ ಅದು.

ನಾನು ಎಲ್ಲ ಹೇಳಿದೆ. ಎರಡು ಬಗೆಯ ಬ್ರೇಕು, ಎಡದಲ್ಲಿದ್ದ ಕಾರು, ಅವನು ಒತ್ತಿದ ರೀತಿ, ಜನವರಿಯಿಂದ ನಾನು ಕೇಳುತ್ತಿದ್ದದ್ದು. ಇಬ್ಬರನ್ನು ನಾನೇ ತಡೆದದ್ದನ್ನೂ ಹೇಳಿದೆ. ಅವರು ಕೇಳುತ್ತ ಕೇಳುತ್ತ ತಮ್ಮ ಬದಿಯ ಬ್ರೇಕನ್ನು ಒತ್ತುತ್ತಿದ್ದರು. ಕಲಿಸುವವರ ಕಾರಿನಲ್ಲಿ ಆ ಕಡೆಗೂ ಒಂದು ಪೆಡಲ್ ಇರುತ್ತದಲ್ಲ. ನಿಂತ ಕಾರಿನಲ್ಲಿ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು.

"ಇದೆಲ್ಲ ಆ ನಿರ್ದೇಶಕರಿಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಅವರು ನಿಮಗೆ ಏನಾಗ್ಬೇಕು?"

"ಅಣ್ಣ."

"ಸ್ವಂತ ಅಣ್ಣನಾ?"

"ಸ್ವಂತ."

ಪೆಡಲಿನಿಂದ ಕಾಲು ತೆಗೆದರು. ಆಮೇಲೆ, "ಎಲ್ಲರ ಮುಂದೆ ಹೇಳ್ತೀರಾ?" ಎಂದರು. ಹೇಳುತ್ತೇನೆ ಎಂದೆ.

ಅವರು ಮರುವಿಚಾರಣೆ ಕೇಳುತ್ತಾರೆ. ನಾನು ಬರುತ್ತೇನೆ.


ಆಗಸ್ಟ್ 19

ಪುಟ್ಟಿ,

ವಿಚಾರಣೆಯ ಕೋಣೆಯಿಂದ ನೀನು ಹಿಂದಿರುಗಿ ನೋಡದೆ ಹೋದೆ. ಅಲ್ಲಿ ಆದದ್ದೆಲ್ಲ ನಿನಗೆ ಗೊತ್ತು. ಆದರೂ ನನ್ನ ಕೈಯಿಂದ ಬರೆಯಬೇಕು ಎನ್ನಿಸಿತು.

ನೀನು ಮಾತಾಡಲು ಎದ್ದಾಗ ನಿನ್ನ ಕೈಯಲ್ಲಿ ನನ್ನ ಕಾಗದಗಳಿರುತ್ತವೆ ಎಂದು ಕಾಯುತ್ತಿದ್ದೆ. ನೀನು ಬರಿಗೈಯಲ್ಲಿ ಬಂದಿದ್ದೆ. "ಅಣ್ಣ ಸಮಿತಿಗೆ ಹೇಳಿದ್ದ. ಅವರು ಮುಂದಿನ ವರ್ಷ ನೋಡೋಣ ಅಂದ್ರು" ಎಂದೆ. ಸಮಿತಿಯ ಐದೂ ಜನ ನನ್ನ ಕಡೆ ತಿರುಗಿದರು. ಒಬ್ಬರು, "ನಮಗೆ ಯಾರೂ ಏನೂ ಹೇಳಿಲ್ಲವಲ್ಲ" ಎಂದರು. ವಿಚಾರಣೆಯ ಅಧ್ಯಕ್ಷರು ನನ್ನನ್ನು ಕೇಳಿದರು. ಹೇಳಿದ್ದೆ ಎಂದಿದ್ದರೆ ನನ್ನ ಮಾತು ಒಂದು ಕಡೆ, ಅವರದು ಒಂದು ಕಡೆ ಆಗುತ್ತಿತ್ತು. ನೀನೂ ನನ್ನ ಕಡೆ ಇದ್ದೆ, ಏನೂ ತಿಳಿಯದೆ. ಬಾಯಿಗೆ ಬಂದಿತ್ತು ಪುಟ್ಟಿ. ಗುಬ್ಬಿಯ ತಂದೆ ಎರಡನೇ ಸಾಲಿನಲ್ಲಿ ಕೂತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

"ಹೇಳಿರಲಿಲ್ಲ" ಎಂದೆ.

ಒಂದು ಸಲವೂ ಸಮಿತಿಯ ಮುಂದೆ ಆ ಮಾತು ಎತ್ತಿರಲಿಲ್ಲ. ಎತ್ತಿದ್ದರೆ ಒಪ್ಪುತ್ತಿದ್ದರೇನೋ. ಸಾಲು ಎರಡಾದರೆ ಟ್ರ್ಯಾಕ್ ತುಂಬಿದ ಹಾಗೆ ಕಾಣುವುದಿಲ್ಲ, ಕಂಪನಿಯವನು ಹೋಗುತ್ತಾನೆ ಎಂಬ ಹೆದರಿಕೆ ನನ್ನದು. ನಿನಗೆ ಬರೆದದ್ದು ಸುಳ್ಳು.

ಆಗ ನಿನ್ನ ಮುಖ ನೋಡಿದೆ. ಅಪ್ಪ ತೀರಿಕೊಂಡ ದಿನವೂ ನಿನ್ನ ಮುಖ ಹಾಗಿರಲಿಲ್ಲ.

ಗುಬ್ಬಿಯ ಮೇಲಿನ ಮಾತನ್ನು ವರದಿಯಿಂದ ಹೊಡೆದುಹಾಕಿದ್ದಾರೆ. ಸರಣಿ ನಿಂತಿದೆ. ನನ್ನ ಮೇಲೆ ಕೇಸು ನಡೆಯುತ್ತದೆ. ಕೋಣೆ ತಿಂಗಳ ಕೊನೆಗೆ ಖಾಲಿ ಮಾಡಬೇಕು. ಇದನ್ನು ಕನಿಕರಕ್ಕೆ ಹೇಳುತ್ತಿಲ್ಲ. ಮುಂದಿನ ವಿಳಾಸ ಇನ್ನೂ ಗೊತ್ತಿಲ್ಲ, ಬರೆಯುವುದಾದರೆ ಅಷ್ಟರೊಳಗೆ ಬರೆ ಎನ್ನಲು ಹೇಳಿದೆ.

ಅಣ್ಣ


ಅಕ್ಟೋಬರ್ 7

ಅಣ್ಣನಿಗೆ,

ನೀನು ಬಸ್ ನಿಲ್ದಾಣದ ಹತ್ತಿರದ ವಸತಿಗೃಹದಲ್ಲಿದ್ದೀ, ನಾಲ್ಕು ಹಾಸಿಗೆಯ ಕೋಣೆಯಲ್ಲಿ ಎಂದು ಟ್ರ್ಯಾಕಿನ ಕಾವಲುಗಾರ ಫೋನ್ ಮಾಡಿ ಹೇಳಿದ. ಊಟ ಸರಿಯಾಗಿ ಮಾಡುತ್ತಿಲ್ಲವಂತೆ.

ಕಾಗದಗಳನ್ನು ಯಾಕೆ ತರಲಿಲ್ಲ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ತೋರಿಸಿದ್ದರೆ ನೀನು ಸಿಕ್ಕಿಬೀಳುತ್ತಿದ್ದೆ. ನಾನು ಬಂದದ್ದು ನಿನ್ನನ್ನು ಹಿಡಿದುಕೊಡಲು ಅಲ್ಲ, ನೀನೇ ಹೇಳಬೇಕು ಎಂದು. ಹೇಳಿದೆ. ನನಗೆ ಗೊತ್ತಿಲ್ಲದಿದ್ದದ್ದನ್ನೂ ಹೇಳಿದೆ. ಆ ಸುಳ್ಳನ್ನು ನಂಬಿ ನಾನು ಇಬ್ಬರನ್ನು ತಡೆದೆ ಎಂಬುದು ಆ ಕ್ಷಣದಿಂದ ಒಂದು ದಿನವೂ ನನ್ನನ್ನು ಬಿಟ್ಟಿಲ್ಲ. ಬಿಡುವುದೂ ಇಲ್ಲ.

ಕೆಂಚಿಯನ್ನು ಬಿಚ್ಚಿ ಗುಜರಿಗೆ ಹಾಕಿದೆ. ನಮ್ಮವರ ಕೈಕೆಲಸ ಎಂದು ಎಂಜಿನ್ ಇಟ್ಟುಕೊಳ್ಳಬೇಕೆನ್ನಿಸಿತ್ತು, ಇಟ್ಟುಕೊಳ್ಳಲಿಲ್ಲ. ಗುಬ್ಬಿಯ ತಂದೆಗೆ ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ. ಮಾತು ಹೆಚ್ಚಿರುವುದಿಲ್ಲ. ಎರಡು ಕಾರಿನಲ್ಲಿ ಒಂದನ್ನು ಮಾರಿದ್ದಾರೆ. ಪಾಠ ಬಿಟ್ಟಿಲ್ಲ.

ನಿನ್ನನ್ನು ಕ್ಷಮಿಸಿಲ್ಲ. ಮುಂದೆ ಕ್ಷಮಿಸುತ್ತೇನೋ ಇಲ್ಲವೋ ಅದೂ ಗೊತ್ತಿಲ್ಲ. ಆದರೆ ಒಡಹುಟ್ಟಿದವನು ಗುರುತಿಲ್ಲದವರ ನಡುವೆ ಉಪವಾಸ ಮಲಗುತ್ತಾನೆ ಎಂದು ತಿಳಿದ ಮೇಲೆ ನನಗೂ ತುತ್ತು ಇಳಿಯುವುದಿಲ್ಲ. ಗ್ಯಾರೇಜಿನ ಹಿಂದಿನ ಕೋಣೆ ಖಾಲಿಯಿದೆ. ಬೇಕಾದರೆ ಬಾ. ಕೇಸಿನ ದಿನಗಳಿಗೆ ಇಲ್ಲಿಂದಲೇ ಹೋಗಿಬರಬಹುದು.

ಒಂದೇ ಕರಾರು. ಊಟಕ್ಕೆ ಕೂತಾಗ ನಾನು ಆ ಹುಡುಗನ ಮಾತು ಎತ್ತುತ್ತೇನೆ. ದಿನಾ ಅಲ್ಲ, ಆದರೆ ಎತ್ತುತ್ತೇನೆ. ಎತ್ತಿದಾಗ ನೀನು ತಟ್ಟೆ ಬಿಟ್ಟು ಏಳಬಾರದು.

ಪುಟ್ಟಿ